ಪ್ರೀತಿಯ ತಾಯಿ, ಮೂರನೇ ನಮೂನೆ

ಅಕ್ಟೋಬರ್ 9, ಬುಧವಾರ

ಇದೊಂದು ಮಾತನ್ನು ಬರೆಯದೆ ಬಿಡುವವಳಿದ್ದೆ. ಬೆಳಿಗ್ಗೆ ಈ ಪುಟದಲ್ಲಿ ಬರೆದದ್ದು ಇಷ್ಟೇ: "ಅಮ್ಮ ಸ್ನಾನದ ಮನೆಯಲ್ಲಿ ಜಾರಿಬಿದ್ದು ಬಲಗೈ ಮುರಿದುಕೊಂಡಿದ್ದಾಳೆ. ಪ್ಲಾಸ್ಟರ್ ಬಿಚ್ಚುವವರೆಗೆ ಜೊತೆಗಿರಲು ರಾಜಧಾನಿ ಸೋಫಿಯಾದಿಂದ ಊರಿಗೆ ಬಂದಿದ್ದೇನೆ." ಅಷ್ಟಕ್ಕೆ ಪೆನ್ನು ಮುಚ್ಚಿದೆ. ಎರಡು ವಾಕ್ಯವೂ ನಿಜ. ಬಿಟ್ಟ ಮಾತು ಮೂರನೆಯದು. ಆ ಬಲಗೈಯಿಂದಲೇ ಅವಳು ನನ್ನನ್ನು ಹೊಡೆಯುತ್ತಿದ್ದಳು, ನಾನು ಹದಿನಾಲ್ಕನೇ ವಯಸ್ಸಿನಲ್ಲಿ ಮನೆ ಬಿಡುವವರೆಗೂ.

ಬರೆದ ಮೇಲೆ ಅತಿಯಾಯಿತೇ ಅನ್ನಿಸುತ್ತಿದೆ. ಆ ಕಾಲದಲ್ಲಿ ಎಲ್ಲರ ಮನೆಯಲ್ಲೂ ಹೊಡೆಯುತ್ತಿದ್ದರಲ್ಲ. ಆದರೆ ಎಲ್ಲರ ಮನೆಯ ಮಕ್ಕಳೂ ಒಂದು ಕಿವಿ ಕೇಳಿಸದೆ ಶಾಲೆಗೆ ಹೋಗಿ, ಟೀಚರ್ ಕೇಳಿದಾಗ "ನೆಗಡಿ" ಎನ್ನುತ್ತಿದ್ದರೇ? ಗೊತ್ತಿಲ್ಲ. ಮೂವತ್ತು ವರ್ಷದಿಂದ ಈ ಲೆಕ್ಕ ನನಗೆ ಬಗೆಹರಿದಿಲ್ಲ.

ಯಾರೂ ಓದದ ದಿನಚರಿಯಲ್ಲಿ ಯಾಕೆ ಹಿಂಜರಿದೆ ಎಂಬುದು ಮಾತ್ರ ಗೊತ್ತು. ಹನ್ನೊಂದು ವರ್ಷದವಳಿದ್ದಾಗ ಇಂಥದೇ ಒಂದು ಪುಸ್ತಕದಲ್ಲಿ "ಇವತ್ತು ಅಮ್ಮ ಹೊಡೆದಳು" ಎಂದು ಬರೆದಿಟ್ಟಿದ್ದೆ. ಅಮ್ಮನ ಕೈಗೆ ಸಿಕ್ಕಿತು. ಅವಳು ಊರಿಗೆಲ್ಲ ಭಾಷೆ ಕಲಿಸಿದ ಟೀಚರ್. ಕೆಂಪು ಪೆನ್ಸಿಲಿನಿಂದ ಎರಡು ತಪ್ಪು ತಿದ್ದಿ, ಆರಕ್ಕೆ ಮೂರು ಅಂಕ ಕೊಟ್ಟು, ಆಮೇಲೆ ಹೊಡೆದಳು. ಬರೆದದ್ದಕ್ಕೋ, ತಪ್ಪು ಬರೆದದ್ದಕ್ಕೋ, ಕೇಳುವ ಧೈರ್ಯವಾಗಲಿಲ್ಲ.

ಆಮೇಲೆ ನನಗೆ ದೂರದ ಪಟ್ಟಣದ ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಿ ಸೀಟು ಸಿಕ್ಕಿತು. ಅಲ್ಲಿಂದೀಚೆಗೆ ನನ್ನದೆಲ್ಲವನ್ನೂ ಇಂಗ್ಲಿಷಿನಲ್ಲೇ ಬರೆದುಕೊಳ್ಳುತ್ತಿದ್ದೆ, ಅಮ್ಮನಿಗೆ ಅದು ಬಾರದೆಂಬ ಒಂದೇ ಕಾರಣಕ್ಕೆ. ಈ ಸಲ ಯಾಕೋ ನಮ್ಮ ಭಾಷೆಯಲ್ಲೇ ಶುರುವಾಗಿಬಿಟ್ಟಿದೆ. ಪುಸ್ತಕವನ್ನು ಚಳಿಗಾಲದ ಬೂಟಿನೊಳಗೆ ತುರುಕಿ, ಬೂಟನ್ನು ಸೂಟ್‌ಕೇಸಿನ ಅಡಿಯಲ್ಲಿ ಇಡುತ್ತೇನೆ.

ಅಕ್ಟೋಬರ್ 11, ಶುಕ್ರವಾರ

ಈ ಮನೆಯಲ್ಲಿ ನಾನು ಇನ್ನೂ ಸದ್ದಿಲ್ಲದೆ ಬದುಕಬಲ್ಲೆ. ಕಪ್ಪಿನ ಗೋಡೆಗೆ ಚಮಚ ತಾಗದ ಹಾಗೆ ಕಾಫಿ ಕಲಸುತ್ತೇನೆ. ಡ್ರಾಯರನ್ನು ಸ್ವಲ್ಪ ಮೇಲಕ್ಕೆತ್ತಿ ಎಳೆಯುತ್ತೇನೆ. ಅಮ್ಮನಿಗೆ ಆಗ ತಲೆನೋವು ಬರುತ್ತಿತ್ತು, ಸದ್ದಾದರೆ ಏಟು ಬೀಳುತ್ತಿತ್ತು. ಸೋಫಿಯಾದ ಆಫೀಸಿನಲ್ಲಿ ನಾನು ಹಿಂದೆ ಬಂದು ನಿಂತರೆ ಜನ ಬೆಚ್ಚಿಬೀಳುತ್ತಾರೆ. ನನ್ನ ಕೊರಳಿಗೆ ಗಂಟೆ ಕಟ್ಟಬೇಕೆಂದು ತಮಾಷೆ ಮಾಡುತ್ತಾರೆ. ಅಲ್ಲಿ ನನ್ನ ಕೆಲಸ ವಾಷಿಂಗ್ ಮೆಷಿನ್ನಿನ ಕೈಪಿಡಿಗಳನ್ನು ಇಂಗ್ಲಿಷಿನಿಂದ ನಮ್ಮ ಭಾಷೆಗೆ ತರುವುದು. "ಯಂತ್ರ ತಿರುಗುತ್ತಿರುವಾಗ ಬಾಗಿಲನ್ನು ಬಲವಂತವಾಗಿ ತೆರೆಯಬೇಡಿ." ಇಂಥ ವಾಕ್ಯ ನನಗೆ ಚೆನ್ನಾಗಿ ಬರುತ್ತದೆ.

ಊಟದ ಮೇಜಿನಲ್ಲಿ ಬಾಗಿಲು ಕಾಣುವ ಕುರ್ಚಿಯಲ್ಲೇ ಕೂತೆ. ಅಮ್ಮ ಎಡಗೈಯಲ್ಲಿ ಹುರುಳಿಕಾಯಿ ಬೀಜದ ಸಾರು ಕುಡಿಯುತ್ತ, ಎದೆಯ ಮೇಲೆಲ್ಲ ಚೆಲ್ಲಿಕೊಳ್ಳುತ್ತ ಕೇಳಿದಳು.

"ನಾನು ಸತ್ತ ಮೇಲೆ ನನ್ನ ಹಾಳೆ ಯಾರು ಬರೀತಾರೆ?"

ಸಾವಿನ ಹಾಳೆ. ನಮ್ಮಲ್ಲಿ ಯಾರಾದರೂ ಸತ್ತರೆ ಫೋಟೋ ಸಮೇತ ಒಂದು ಹಾಳೆ ಅಚ್ಚು ಹಾಕಿಸಿ ಮನೆಯ ಬಾಗಿಲು, ಬಸ್ ಸ್ಟಾಪು, ದೀಪದ ಕಂಬಗಳಿಗೆ ಅಂಟಿಸುತ್ತಾರೆ. ವರ್ಷಕ್ಕೊಮ್ಮೆ ಮತ್ತೆ ಹೊಸದು. ಊರಿನ ಕಂಬಗಳ ಮೇಲೆ ಬದುಕಿರುವವರಿಗಿಂತ ಸತ್ತವರೇ ಹೆಚ್ಚು ನಗುತ್ತಿರುತ್ತಾರೆ.

"ನಾನೇ ಬರೀಬೇಕಲ್ಲ," ಅಂದೆ.

"ಅದೇ ನನ್ನ ಭಯ. ವಾಷಿಂಗ್ ಮೆಷಿನ್ ಥರ ಬರೀತೀಯ. ಅದಕ್ಕೇ ನಾನಿರೋವಾಗ್ಲೇ ಬರೆದು ಮುಗಿಸಿಬಿಡೋಣ. ನಾನು ಹೇಳ್ತೀನಿ, ನೀನು ಬರ್ಕೋ. ಕೈ ನೆಟ್ಟಗಿದ್ದಿದ್ರೆ ನಾನೇ ಬರ್ಕೋತಿದ್ದೆ."

"ಬದುಕಿರೋರು ಯಾರಾದ್ರೂ ಹಾಳೆ ಬರೆಸ್ತಾರಾ ಅಮ್ಮ?"

"ಹಿಂದಿನ ಬೀದಿಯ ಮುದುಕ ನೇನೋ ತನ್ನ ಗೋರಿ ಕಲ್ಲು ನಿಲ್ಲಿಸಿ, ಫೋಟೋ ಹಾಕ್ಸಿ, ಎಷ್ಟೋ ವರ್ಷ ಆಯ್ತು. ಭಾನುವಾರ ಭಾನುವಾರ ಹೋಗಿ ತೊಳೆದು ಬರ್ತಾನೆ. ಅವನನ್ನ ಯಾರೂ ಏನೂ ಅನ್ನಲ್ಲ. ನಾನು ಒಂದು ಹಾಳೆ ಬರೆಸಿದ್ರೆ ತಪ್ಪಾ?"

ಒಪ್ಪಿಕೊಂಡೆ. ಈ ಮನೆಯಲ್ಲಿ ನಾನು ಒಪ್ಪಿಕೊಳ್ಳುವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆಂದು ಗಮನಿಸಿದೆ. ಹೊತ್ತೇ ಹಿಡಿಯಲಿಲ್ಲ.

ಅಕ್ಟೋಬರ್ 13, ಭಾನುವಾರ

ಅಮ್ಮ ಮಂಚದ ಮೇಲೆ ದಿಂಬಿಗೆ ಒರಗಿ, ಎಡಗೈಯಲ್ಲಿ ಕೆಂಪು ಪೆನ್ಸಿಲು ಹಿಡಿದು, ಕ್ಲಾಸಿನಲ್ಲಿ ಹೇಳುತ್ತಿದ್ದ ಧಾಟಿಯಲ್ಲೇ ಹೇಳತೊಡಗಿದಳು.

"ಅಗಾಧ ದುಃಖದಿಂದ ತಿಳಿಸುವುದೇನೆಂದರೆ. ಬರ್ದ್ಯಾ? ಮೂರು ತಲೆಮಾರಿನ ನೆಚ್ಚಿನ ಉಪಾಧ್ಯಾಯಿನಿ, ಪ್ರೀತಿಯ ತಾಯಿ..."

'ಉಪಾಧ್ಯಾಯಿನಿ'ವರೆಗೆ ಸಲೀಸಾಗಿ ಬರೆದೆ. ಅದರ ಮುಂದೆ ಪೆನ್ನು ನಿಂತಿತು. ಒಂದು ಪದದಷ್ಟು ಜಾಗ ಬಿಟ್ಟು 'ತಾಯಿ' ಎಂದು ಬರೆದೆ.

"ಇಲ್ಲೇನು ಹಲ್ಲು ಬಿದ್ದ ಬಾಯಿ ಥರ ಖಾಲಿ?"

"ಬೇರೆ ಪದ ಯೋಚಿಸ್ತಿದೀನಿ."

"ಬೇರೆ ಯಾವ್ದಿದೆ?"

"ಶ್ರಮಜೀವಿ."

"ನಾನೇನು ಟ್ರ್ಯಾಕ್ಟರಾ?"

"ಕಟ್ಟುನಿಟ್ಟಿನ."

"ಸತ್ತೋರಿಗೆ ಯಾರಾದ್ರೂ ಹಾಗೆ ಬರೀತಾರಾ?"

"ನೀನು ಸತ್ತಿಲ್ಲ ಅಮ್ಮ."

"ಅದಕ್ಕೇ ಚೌಕಾಸಿ ಮಾಡ್ತಿದೀಯ. ಸತ್ತಿದ್ರೆ ತಲೆ ತಗ್ಗಿಸಿ ಬರೀತಿದ್ದೆ."

ಅದು ನಿಜ. ಅವಳು ನಿಜಕ್ಕೂ ಸತ್ತಿದ್ದರೆ, ಅಂಗಡಿಯವನು ಮುಂದಿಟ್ಟ ನಮೂನೆಗೆ ಹೂಂ ಎಂದು ಬರುತ್ತಿದ್ದೆ. ಆ ಹಾಳೆಯ ಕೆಳಗೆ "ಶೋಕತಪ್ತ ಮಗಳು ಕ್ರಸಿಮಿರಾ" ಎಂದಿರುತ್ತದೆ. ಮೇಲೆ 'ಪ್ರೀತಿಯ', ಕೆಳಗೆ ನನ್ನ ಹೆಸರು. ಈ ಮನೆಯಲ್ಲಿ ಏನೂ ನಡೆದಿರಲಿಲ್ಲವೆಂದು ನಾನೇ ಊರ ಕಂಬಗಳಿಗೆಲ್ಲ ಬರೆದುಕೊಟ್ಟ ಹಾಗೆ. ಒಂದು ಪದಕ್ಕೆ ಇಷ್ಟು ಹಟವೇ ಎಂದು ನನ್ನನ್ನೇ ಕೇಳಿಕೊಂಡೆ. ಜಾಗವನ್ನು ಖಾಲಿಯೇ ಬಿಟ್ಟೆ. ಅಮ್ಮ ಅದರ ಸುತ್ತ ಎಡಗೈಯಲ್ಲಿ ಕೆಂಪು ಸುತ್ತು ಹಾಕಿದಳು. ಸುತ್ತು ಆಲೂಗಡ್ಡೆಯ ಹಾಗಿತ್ತು.

ಅಕ್ಟೋಬರ್ 17, ಗುರುವಾರ

ಫೋಟೋ ಆರಿಸಿದ್ದಾಯಿತು. ಅಮ್ಮನಿಗೆ ತನ್ನ ಮೂವತ್ತೊಂಬತ್ತನೇ ವಯಸ್ಸಿನದೇ ಬೇಕು. ನಾನು ಶಾಲೆಗೆ ಸೇರಿದ ದಿನದ ಫೋಟೋ ಅದು. ಕೈಯಲ್ಲಿ ಹೂಗುಚ್ಛ ಹಿಡಿದು ನಾನು ಪಕ್ಕದಲ್ಲಿದ್ದೇನೆ. ಅಮ್ಮನ ಬಲಗೈ ನನ್ನ ಭುಜದ ಮೇಲಿದೆ.

"ನಿನ್ನನ್ನ ಕತ್ತರಿಸೋಕೆ ಹೇಳು," ಅಂದಳು. "ಹಾಳೆಲಿ ಒಬ್ಬರೇ ಇರ್ಬೇಕು. ಇಲ್ದಿದ್ರೆ ಯಾರು ಸತ್ತದ್ದು ಅಂತ ಜನಕ್ಕೆ ಗೊಂದಲ."

ಟೋಷೋನ ಅಂಗಡಿಗೆ ಹೋದೆ. ಕೀಲಿ ಮಾಡುವುದು, ಬೂಟಿನ ಹಿಮ್ಮಡಿ ಹಾಕುವುದು, ಸಾವಿನ ಹಾಳೆ, ಮೂರೂ ಅವನೇ. ಅಮ್ಮನ ಹಳೆಯ ವಿದ್ಯಾರ್ಥಿ. ಐವತ್ತು ದಾಟಿದ್ದರೂ ಅವಳ ಹೆಸರು ಕೇಳಿದರೆ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾನೆ.

"ಅಯ್ಯೋ ಕ್ರಸಿ. ಟೀಚರ್ ಯಾವಾಗ ಹೋದ್ರು?"

"ಹೋಗಿಲ್ಲ. ಮನೇಲಿ ಸಾರು ಕುಡೀತಿದಾರೆ. ಹಾಳೆ ಹೇಗೆ ಕಾಣುತ್ತೆ ಅಂತ ನೋಡ್ಬೇಕಂತೆ."

ಟೋಷೋ ಸ್ವಲ್ಪವೂ ಅಚ್ಚರಿಪಡಲಿಲ್ಲ. "ಅವ್ರು ಯಾವತ್ತೂ ಹಾಗೇ. ಪರೀಕ್ಷೆಗೆ ಮುಂಚೆನೇ ಉತ್ತರ ಪತ್ರಿಕೆ ತಿದ್ದೋರು," ಎಂದು ಫೋಟೋ ನೋಡಿದ. "ಮಗು ತೆಗೀಬಹುದು. ಕೈ ಏನ್ಮಾಡ್ಲಿ? ಮಗು ಹೋದ್ರೆ ಕೈ ಗಾಳಿಲಿ ನೇತಾಡುತ್ತೆ, ಟ್ರಾಫಿಕ್ ಪೊಲೀಸ್ ಥರ."

ಇಬ್ಬರೂ ಕೈಯನ್ನು ಬಹಳ ಹೊತ್ತು ನೋಡಿದೆವು. ಕೊನೆಗೆ ಕೈಯನ್ನೂ ನನ್ನ ಜೊತೆಗೇ ಕತ್ತರಿಸುವುದೆಂದಾಯಿತು.

ಹಾಳೆಯ ತಲೆಯಲ್ಲಿ ಶಿಲುಬೆಯೋ ಎಲೆಯ ಟೊಂಗೆಯೋ ಎಂದು ಕೇಳಿದ. ಅಮ್ಮ ದೇವರನ್ನು ನಂಬದ ಕಾಲದ ಟೀಚರ್, ಟೊಂಗೆ ಸಾಕು ಅಂದೆ. ತೀರಿಕೊಂಡ ದಿನ ಎಂಬ ಜಾಗ ಖಾಲಿ ಬಿಟ್ಟರೆ ಕಂಪ್ಯೂಟರ್ ಮುಂದಕ್ಕೇ ಹೋಗುವುದಿಲ್ಲವಂತೆ. "ಸುಮ್ನೆ ಒಂದು ದಿನ ಹಾಕಿರ್ತೀನಿ, ನೋಡೋಕಷ್ಟೇ."

"ಟೋಷೋ, 'ತಾಯಿ' ಅನ್ನೋದ್ರ ಹಿಂದೆ ಒಂದು ಜಾಗ ಬಿಟ್ಟಿದೀನಿ. ಅದನ್ನ ಹಾಗೇ ಬಿಡು."

"ಬಿಡ್ತೀನಿ," ಅಂದ. ಅವನ ಕಣ್ಣು ಆಗಲೇ ಯಾರದೋ ಕೀಲಿಯ ಮೇಲಿತ್ತು.

ಅಕ್ಟೋಬರ್ 19, ಶನಿವಾರ

ಮಳೆ. ಆ ಜಾಗವನ್ನು ಖಾಲಿಯೇ ಬಿಡಲು ಟೋಷೋನಿಗೆ ಹೇಳಿ ಬಂದದ್ದಕ್ಕೆ ಅಮ್ಮ ಎರಡು ದಿನದಿಂದ ಮಾತು ಬಿಟ್ಟಿದ್ದಾಳೆ. ಬಟ್ಟೆ ಹಾಕಿಸಿಕೊಳ್ಳುವಾಗಲೂ ಗೋಡೆ ನೋಡುತ್ತಾಳೆ. ತೋಳಿಗೆ ಅಂಗಿ ಏರಿಸುವಾಗ ಆ ಕೈಯನ್ನು ಹತ್ತಿರದಿಂದ ನೋಡಿದೆ. ಪ್ಲಾಸ್ಟರಿನಿಂದ ಹೊರಗೆ ಐದು ಬೆರಳು, ಉಗುರು ಬೆಳೆದಿದ್ದವು. ಕತ್ತರಿಸಿದೆ.

ಅಕ್ಟೋಬರ್ 23, ಬುಧವಾರ

ನಿನ್ನೆಯದನ್ನು ಕ್ರಮವಾಗಿ ಬರೆಯಬೇಕು. ಇಲ್ಲದಿದ್ದರೆ ನಾಳೆ ನಾನೇ ನಂಬುವುದಿಲ್ಲ.

ಬೆಳಿಗ್ಗೆ ಬ್ರೆಡ್ಡಿಗೆ ಹೋದೆ. ಬೇಕರಿಯವಳು ಗಲ್ಲಾ ಬಿಟ್ಟು ಈಚೆ ಬಂದು ನನ್ನ ಎರಡೂ ಕೈ ಹಿಡಿದಳು. "ದೇವರು ಅವರನ್ನ ಕ್ಷಮಿಸಲಿ," ಅಂದಳು. ಸಾವಿನ ಸುದ್ದಿ ಕೇಳಿದವರು ನಮ್ಮಲ್ಲಿ ಹೇಳುವ ಮಾತು ಇದೊಂದೇ. "ಯಾರನ್ನ?" ಅಂದೆ. ಅವಳು ಪಾಪ ನನ್ನನ್ನು ಅಪ್ಪಿಕೊಂಡಳು.

ಬೇಕರಿಯ ಗಾಜಿನ ಮೇಲೆ ಅಮ್ಮ ನಗುತ್ತಿದ್ದಳು. ಬಸ್ ಸ್ಟಾಪಿನಲ್ಲೂ, ಶಾಲೆಯ ಗೇಟಿನಲ್ಲೂ, ನಮ್ಮ ಕಟ್ಟಡದ ಬಾಗಿಲಲ್ಲೂ. ಮೂವತ್ತೊಂಬತ್ತು ವರ್ಷದ ಅಮ್ಮ, ಭುಜದಿಂದ ಕೆಳಗೆ ಬಲಗೈ ಇಲ್ಲ. ತೀರಿಕೊಂಡದ್ದು ಅಕ್ಟೋಬರ್ 21. ನಾನು ಓದಿದ್ದು ಮಾತ್ರ ಎರಡೇ ಪದ. 'ಪ್ರೀತಿಯ ತಾಯಿ.' ಕೆಳಗೆ ನನ್ನ ಹೆಸರು.

ಟೋಷೋ ಅಂಗಡಿಯಲ್ಲಿ ತಲೆಯ ಮೇಲೆ ಕೈ ಹೊತ್ತು ಕೂತಿದ್ದ. ಆದದ್ದು ಇಷ್ಟು: ಒಂದು ಪ್ರತಿಗೆಂದು ಒತ್ತಿದ್ದಾನೆ, ಯಂತ್ರ ಹಿಂದಿನ ಗಿರಾಕಿಯ ಲೆಕ್ಕದಲ್ಲಿ ಒಂದು ಕಟ್ಟೇ ಹೊರಹಾಕಿದೆ. ಅವನ ಭಾವಮೈದ ವಾಸ್ಕೊ ದಿನಾ ಬಂದು ಮೇಜಿನ ಮೇಲಿದ್ದದ್ದನ್ನು ಎತ್ತಿಕೊಂಡು ಹೋಗಿ ಅಂಟಿಸುವವನು. ಎತ್ತಿಕೊಂಡು ಹೋಗಿದ್ದಾನೆ, ಅಂಟಿಸಿದ್ದಾನೆ.

"ಆ ಪದ ಯಾಕೆ ಹಾಕಿದೆ? ಜಾಗ ಬಿಡು ಅಂದಿದ್ದೆ."

"ನಾನು ಹಾಕ್ಲಿಲ್ಲ ಕ್ರಸಿ. ಮೂರನೇ ನಮೂನೆಲಿ ಅದು ತಾನಾಗೇ ಬರುತ್ತೆ. ತಾಯಿ ಅಂದ್ರೆ ಪ್ರೀತಿಯ ಬಂದೇ ಬರುತ್ತೆ."

"ಹೋಗಿ ಕೀಳು."

ಅವನು ನನ್ನನ್ನು ಕೊಲೆಗಾರ್ತಿಯನ್ನು ನೋಡುವ ಹಾಗೆ ನೋಡಿದ. "ಹಾಳೆ ಕೀಳೋದಾ? ಯಾರೂ ಕೀಳಲ್ಲ. ಮಳೆ ಬಿಸಿಲಿಗೆ ತಾನಾಗೇ ಹೋಗ್ಬೇಕು. ಕಿತ್ತ ಮನೆಗೆ ಒಳ್ಳೇದಾಗಲ್ಲ."

ಮನೆಗೆ ಓಡಿಬಂದು ಅಮ್ಮನಿಗೆ ಹೇಳಿದೆ. ಕೂಗಾಡುತ್ತಾಳೆ ಅಂದುಕೊಂಡಿದ್ದೆ. ಅವಳ ಮುಖ ಅರಳಿತು.

"ಜನ ಬರ್ತಾರೆ," ಅಂದಳು. "ನೀನು ಬಾಯಿ ಬಿಡಬೇಡ. ನಾನು ಒಳಗೆ ಮಲಗಿರ್ತೀನಿ, ಬಾಗಿಲು ಸ್ವಲ್ಪ ತೆರೆದಿಡು. ಯಾರು ಏನಂತಾರೆ ಕೇಳ್ಬೇಕು."

ನಲವತ್ತಾರು ವರ್ಷದ ಹೆಂಗಸು ಇಲ್ಲ ಎನ್ನಬೇಕಿತ್ತು. ನಾನು ಬಾಗಿಲನ್ನು ಸ್ವಲ್ಪ ತೆರೆದಿಟ್ಟೆ.

ಜನ ಬಂದರು. ಸತ್ತವರಿಗೆ ತರುವ ಹಾಗೆ ಸಮಸಂಖ್ಯೆಯಲ್ಲಿ ಬಿಳಿ ಸೇವಂತಿಗೆ ತಂದರು. ದೇವರು ಕ್ಷಮಿಸಲಿ, ದೇವರು ಕ್ಷಮಿಸಲಿ ಎಂದರು. ಎಂಥ ಟೀಚರ್, ಒಂದು ಪ್ರಬಂಧವನ್ನೂ ಓದದೆ ವಾಪಸು ಕೊಟ್ಟವರಲ್ಲ ಎಂದರು. ಮಣ್ಣು ಯಾವಾಗ ಎಂದು ಕೇಳಿದವರಿಗೆ ಇನ್ನೂ ಗೊತ್ತಾಗಿಲ್ಲ ಎಂದೆ, ಅದರಲ್ಲಿ ಸುಳ್ಳೇನೂ ಇಲ್ಲ. ಒಬ್ಬರು ಹೋದ ಮೇಲೆ ಒಬ್ಬರು ಬರುವ ನಡುವೆ ಒಳಗಿನಿಂದ ಪಿಸುಮಾತು ಬರುತ್ತಿತ್ತು.

"ಅವಳು ಅತ್ತಳಾ?"

"ಸ್ವಲ್ಪ."

"ಸ್ವಲ್ಪ ಅಂದ್ರೆ? ಅವಳಿಗೆ ಆರಕ್ಕೆ ಐದು ಕೊಟ್ಟಿದ್ದೆ."

ಕತ್ತಲಾಗುವ ಮುಂಚೆ, ಎಲ್ಲರಿಗಿಂತ ಕೊನೆಗೆ, ಪೆನ್ಕಾ ಚಿಕ್ಕಮ್ಮ ಬಂದಳು. ಪಕ್ಕದ ಮನೆಯವಳು. ನಮ್ಮ ಅಡುಗೆಮನೆಗೂ ಅವಳ ಅಡುಗೆಮನೆಗೂ ಒಂದೇ ಗೋಡೆ. ಸತ್ತವರ ಹೆಸರಿನಲ್ಲಿ ಹಂಚುವ, ಸಕ್ಕರೆ ಹಾಕಿ ಬೇಯಿಸಿದ ಗೋಧಿಯನ್ನು ತಟ್ಟೆಯಲ್ಲಿ ತಂದಿದ್ದಳು. ಅಡುಗೆಮನೆಯಲ್ಲೇ ಕೂತಳು. ನಾನು ಕಾಫಿಗೆ ಇಟ್ಟೆ. ತಟ್ಟೆಯನ್ನು ಮೇಜಿನ ಮೇಲೆ ನನ್ನತ್ತ ಸರಿಸಿದಳು.

"ಈಗ ಹೇಳಬಹುದು," ಅಂದಳು. "ಅವಳಿಲ್ವಲ್ಲ. ನಮಗೆ ಕೇಳ್ತಿತ್ತು ಕಣೇ ಮಗಳೇ."

"ಏನು?"

"ನೀನು. ಗೋಡೆ ಇಷ್ಟು ತೆಳು. ಮೊದಮೊದಲು ನಮ್ಮೆಜಮಾನ್ರು ಗೋಡೆ ಬಡೀತಿದ್ರು, ಸಾಕು ನಿಲ್ಸು ಅಂತ. ಅದೇ ವಾರ ನಿಮ್ಮಮ್ಮ ಸ್ಕೂಲಲ್ಲಿ ನಮ್ಮ ಹುಡುಗನಿಗೆ ಎರಡು ಅಂಕ ಕೊಟ್ಟು ಫೇಲ್ ಮಾಡಿದ್ಲು. ಆಮೇಲೆ ನಾವು ಗೋಡೆ ಬಡೀಲಿಲ್ಲ. ರೇಡಿಯೋ ಜೋರು ಮಾಡ್ತಿದ್ವಿ."

ರೇಡಿಯೋ. ಏಟು ಬೀಳುವಾಗಲೆಲ್ಲ ಗೋಡೆಯಾಚೆ ಡೋಲು, ಕೊಳಲು, ಕುಣಿತದ ಹಾಡು ಏಳುತ್ತಿತ್ತು. ಪಕ್ಕದ ಮನೆಯಲ್ಲಿ ಎಷ್ಟು ಹಬ್ಬ ಎಂದುಕೊಳ್ಳುತ್ತಿದ್ದೆ. ಎಂಥ ಸುಖದ ಜನ, ವಾರಕ್ಕೆ ಮೂರು ಸಲ ಕುಣಿಯುತ್ತಾರೆ ಎಂದು ಹೊಟ್ಟೆಯುರಿಯುತ್ತಿತ್ತು. ಆ ಮನೆಯಲ್ಲಿ ಯಾಕೆ ಹುಟ್ಟಲಿಲ್ಲ ಎಂದು ಕೋಟುಗಳ ಕಪಾಟಿನೊಳಗೆ ಕೂತು ಯೋಚಿಸಿದ್ದೇನೆ.

ಪೆನ್ಕಾ ಚಿಕ್ಕಮ್ಮನಿಗೆ ಇದನ್ನೇ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಮಲಗುವ ಕೋಣೆಯಿಂದ, ಸ್ಪಷ್ಟ ಉಚ್ಚಾರಣೆಯಲ್ಲಿ, ದನಿ ಬಂತು.

"ಸುಳ್ಳು. ಮೂರು ಕೊಟ್ಟಿದ್ದೆ. ಎರಡಲ್ಲ."

ಪೆನ್ಕಾ ಚಿಕ್ಕಮ್ಮನ ಕೈಯ ಚಮಚ ಬಿತ್ತು. ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡಳು, ಒಂದು ಸಲ, ಎರಡು ಸಲ. ಮೂರನೆಯದರ ಹೊತ್ತಿಗೆ ಹೆದರಿಕೆ ಹೋಗಿ ಸಿಟ್ಟು ಬಂದಿತ್ತು.

"ಸತ್ತ ಮೇಲಾದ್ರೂ ಬಾಯಿ ಮುಚ್ಕೊಂಡು ಬಿದ್ದಿರಬಾರ್ದಾ ನೀನು?"

ಅಮ್ಮ ನೈಟ್‌ಗೌನಿನಲ್ಲಿ, ಪ್ಲಾಸ್ಟರ್ ಕೈಯನ್ನು ಮುಂದೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಮೂರು," ಅಂದಳು.

"ಎರಡು. ಅಂಕದ ಪುಸ್ತಕ ಇವತ್ತಿಗೂ ಬೀರುಲಿದೆ."

"ತಗೊಂಡ್ಬಾ, ನೋಡೋಣ."

"ಸತ್ತೋಳಿಗ್ಯಾಕೆ ತೋರಿಸ್ಲಿ?"

"ಒಂದೆರಡು ಏಟು ಯಾರು ಕೊಟ್ಟಿಲ್ಲ ಪೆನ್ಕಾ? ನೀನು ನಿನ್ನ ಮಗನಿಗೆ ಕೊಟ್ಟಿಲ್ವಾ?"

"ಒಂದೆರಡಾ? ನಮ್ಮ ರೇಡಿಯೋ ಗುಂಡಿ ಸವೆದು ಕೈಗೆ ಬಂತು ಝಿವ್ಕಾ. ಆಮೇಲೆ ಇಕ್ಕಳದಲ್ಲಿ ತಿರುಗಿಸ್ತಿದ್ವಿ."

ಇದಕ್ಕೆ ಅಮ್ಮನ ಹತ್ತಿರ ತಿದ್ದುಪಡಿ ಇರಲಿಲ್ಲ. ಅವಳು ನನ್ನ ಕಡೆ ತಿರುಗಿ, "ಚಮಚ," ಅಂದಳು. ನಾನು ಕಾಫಿ ಕಲಸುತ್ತಿದ್ದೆ, ಸದ್ದಾಗುತ್ತಿತ್ತಂತೆ. ಕಲಸಿ ಮುಗಿಸಿ ಮೂರು ಕಪ್ಪು ಮೇಜಿನ ಮೇಲಿಟ್ಟೆ. ಅಮ್ಮ ತನ್ನ ಸಾವಿನ ಗೋಧಿಯನ್ನು ಎಡಗೈಯಲ್ಲಿ ತಿಂದು, ಸಕ್ಕರೆ ಕಡಿಮೆ ಅಂದಳು.

ಅಕ್ಟೋಬರ್ 24, ಗುರುವಾರ

ಪೆನ್ಕಾ ಚಿಕ್ಕಮ್ಮನ ಮೇಲೆ ಸಿಟ್ಟು ಬರಬೇಕು. ಸ್ವಲ್ಪ ಬಂದಿದೆ, ಇನ್ನೂ ಬರಬಹುದು. ಆದರೆ ಬೆಳಿಗ್ಗೆ ಎದ್ದಾಗ ಮೊದಲು ನೆನಪಾದದ್ದು ಇಕ್ಕಳ. ಅದು ನಾನು ಕಟ್ಟಿದ ಕತೆಯಲ್ಲ. ಗೋಡೆಯಾಚೆ ಒಂದು ಇಕ್ಕಳ ಇತ್ತು.

ಅಕ್ಟೋಬರ್ 27, ಭಾನುವಾರ

ಸತ್ತವಳಾಗಿ ಅಮ್ಮನಿಗೆ ದಿನೇದಿನೇ ತೊಂದರೆ ಹೆಚ್ಚುತ್ತಿದೆ. ಸುದ್ದಿ ಸುಳ್ಳೆಂದು ಊರಿಗೆಲ್ಲ ಗೊತ್ತಾಗಿದೆ. ಆದರೆ ಹಾಳೆ ಕಂಬದ ಮೇಲಿರುವವರೆಗೆ ಜನ ಅವಳನ್ನು ಪೂರ್ತಿ ಬದುಕಿದವಳೆಂದು ಒಪ್ಪುತ್ತಿಲ್ಲ. ಔಷಧದಂಗಡಿಯವಳು ಮಾತ್ರೆ ಕೊಡುತ್ತ "ದೇವರು ಕ್ಷಮಿಸಲಿ" ಎಂದುಬಿಟ್ಟು ನಾಲಿಗೆ ಕಚ್ಚಿಕೊಂಡಳಂತೆ. ಟೋಷೋ ಹೂವು ತಂದು ಕ್ಷಮೆ ಕೇಳಿ ಹೋದ. ಎಷ್ಟು ತರಬೇಕೆಂದು ತಿಳಿಯದೆ ಐದು ತಂದು, ಮೆಟ್ಟಿಲ ಮೇಲೆ ಒಂದನ್ನು ಬೀಳಿಸಿಕೊಂಡಿದ್ದರಿಂದ ನಾಲ್ಕಾಯಿತು, ಸತ್ತವರ ಲೆಕ್ಕ. ಅಮ್ಮ ಎಣಿಸಿದಳು.

"ಕೀಳಬಾರ್ದು ಸರಿ," ಅಂದಳು ಇವತ್ತು. "ತಿದ್ದಬಾರ್ದು ಅಂತ ಯಾರೂ ಹೇಳಿಲ್ವಲ್ಲ."

ಕೋಟು ಹಾಕಿಸಿದೆ. ಕೆಂಪು ಪೆನ್ಸಿಲು ಹಿಡಿದು ಬಸ್ ಸ್ಟಾಪಿಗೆ ಬಂದಳು. ಬೆಂಚಿನ ಮೇಲಿದ್ದ ಇಬ್ಬರು ಹೆಂಗಸರು ಗೋಡೆಯ ಅಮ್ಮನನ್ನೂ ಎದುರಿನ ಅಮ್ಮನನ್ನೂ ನೋಡಿ ಸರಿದು ಕೂತರು. ಅಮ್ಮ ಸಾವಿನ ತಾರೀಖನ್ನು ಎಡಗೈಯಲ್ಲಿ ಹೊಡೆದುಹಾಕಲು ನೋಡಿದಳು. ಗೆರೆ ತನ್ನದೇ ಮೂಗಿನ ಮೇಲೆ ಹೋಯಿತು.

"ಸೊಟ್ಟ ಆಗ್ತಿದೆ. ನೀನು ಹಾಕು." ಪೆನ್ಸಿಲು ನನ್ನ ಕೈಗೆ ಕೊಟ್ಟಳು.

ಆ ಪೆನ್ಸಿಲನ್ನು ನಾನು ಯಾವತ್ತೂ ಮುಟ್ಟಿರಲಿಲ್ಲ. ಅಷ್ಟೇನೂ ಭಾರವಿರಲಿಲ್ಲ. ತಾರೀಖನ್ನು ಹೊಡೆದುಹಾಕಿದೆ. ಆಮೇಲೆ ಎರಡು ಸಾಲು ಮೇಲೆ ಹೋಗಿ 'ಪ್ರೀತಿಯ' ಎಂಬುದನ್ನೂ ಹೊಡೆದುಹಾಕಿದೆ.

ಅಮ್ಮ ಹಾಳೆಯ ಹತ್ತಿರ ಬಂದು ಎರಡನೇ ಗೆರೆಯನ್ನು ನೋಡಿದಳು.

"ಹೊಡೆದದ್ದಕ್ಕೆ ತಾನೇ?" ಅಂದಳು. ಆ ಪದ ಅವಳ ಬಾಯಲ್ಲಿ ನಾನು ಕೇಳಿದ್ದು ಇದೇ ಮೊದಲು.

"ಹೌದು."

ಬಸ್ಸು ಬಂತು. ಹೆಂಗಸರು ಹತ್ತಿದರು. ಬಸ್ಸು ಹೋಯಿತು.

"ಆ ಗೋಡೆಗಳನ್ನ ಕಟ್ಟಿದೋರು ಸರಿಯಿಲ್ಲ," ಅಂದಳು ಅಮ್ಮ. "ಸಿಮೆಂಟು ಕದ್ದಿದಾರೆ. ಗೋಡೆ ದಪ್ಪ ಇದ್ದಿದ್ರೆ..." ಗೋಡೆ ದಪ್ಪವಿದ್ದಿದ್ದರೆ ಏನು ಎಂದು ನಾನು ಕೇಳಲಿಲ್ಲ. ಕ್ಷಮೆ ಕೇಳುತ್ತಾಳೆಂದು ಕಾದೆನೇ? ಕಾದಿರಬೇಕು. ಇನ್ನೊಂದು ಬಸ್ಸು ಬರುವವರೆಗೂ ನಿಂತಿದ್ದೆವಲ್ಲ.

"ಗೆರೆ ನೆಟ್ಟಗಿದೆ," ಎಂದು ಮುಂದಿನ ಕಂಬದ ಕಡೆ ಹೊರಟಳು. ಬೀದಿಯುದ್ದಕ್ಕೂ ತಿದ್ದುತ್ತ ಹೋದೆವು. ಪ್ರತಿ ಹಾಳೆಯಲ್ಲೂ ಎರಡು ಗೆರೆ. ಎರಡನೆಯದನ್ನು ಎಳೆಯುವಾಗ ಪ್ರತಿ ಸಲವೂ ಅವಳು ಬೇರೆ ಕಡೆ ನೋಡುತ್ತಿದ್ದಳು.

ನವೆಂಬರ್ 2, ಶನಿವಾರ

ಸತ್ತವರ ಶನಿವಾರ. ಅಪ್ಪನ ಗೋರಿಗೆ ವೈನು, ಗೋಧಿ ತೆಗೆದುಕೊಂಡು ಹೋದೆವು. ದೋಣಿಯ ಮೇಲೆ ದಾನ್ಯೂಬ್ ನದಿಯ ಉದ್ದಕ್ಕೂ ದುಡಿಯುತ್ತಿದ್ದ ಅಪ್ಪ ಮನೆಯಲ್ಲಿದ್ದದ್ದೇ ಕಡಿಮೆ. ಇದ್ದಾಗ ಏಟು ಬೀಳುತ್ತಿರಲಿಲ್ಲ. ಹಾಗಾಗಿ ಅವನಿಗೆ ಗೊತ್ತಿರಲಿಲ್ಲ ಎಂದು ನಂಬಿಕೊಂಡು ಬಂದಿದ್ದೇನೆ. ಇವತ್ತು ಗೋಧಿ ಹಾಕುವಾಗ, ನಿಜಕ್ಕೂ ಗೊತ್ತಿರಲಿಲ್ಲವೇ ಎಂದು ಒಮ್ಮೆ ಕೇಳಿದೆ, ಮನಸ್ಸಿನಲ್ಲಿ.

ಪಕ್ಕದ ಗೋರಿಯ ಮುದುಕಿ ಕಣ್ಣು ಮಂಜಾದವಳು. ಅಮ್ಮನ ಕೈಗೇ ಗೋಧಿ ಕೊಟ್ಟು, "ಝಿವ್ಕಾ ಟೀಚರ್ ಹೆಸರಲ್ಲಿ ತಿನ್ನವ್ವಾ," ಅಂದಳು. ಅಮ್ಮ ತಿಂದಳು. ಸ್ವಲ್ಪ ದೂರದಲ್ಲಿ ನೇನೋ ತನ್ನ ಕಲ್ಲು ತೊಳೆಯುತ್ತಿದ್ದ. ಬದುಕಿರುವಾಗಲೇ ಊರವರು ತನಗಾಗಿ ಅತ್ತದ್ದನ್ನು ಕೇಳಿಸಿಕೊಂಡ ಅಮ್ಮನ ಮೇಲೆ ಅವನಿಗೆ ಹೊಟ್ಟೆಕಿಚ್ಚು, ಮುಖ ತಿರುಗಿಸಿಕೊಂಡ.

ನವೆಂಬರ್ 8, ಶುಕ್ರವಾರ

ಮಧ್ಯಾಹ್ನ ಅಡುಗೆಮನೆಯಲ್ಲಿ ಬಾಗಿಲಿಗೆ ಬೆನ್ನು ಹಾಕಿ ಕೂತು ಕೆಲಸ ಮಾಡುತ್ತಿದ್ದೆ, ಬಿಸಿಲು ಎದುರಿನ ಕಿಟಕಿಯಿಂದ ಬರುತ್ತದೆ. ಟೋಷೋ ಬಂದದ್ದು ಹೆಗಲು ಮುಟ್ಟುವವರೆಗೂ ತಿಳಿಯಲಿಲ್ಲ. ಜೇಬಿನಿಂದ ಒಂದು ಕವರು ತೆಗೆದ.

"ಫೋಟೋದಲ್ಲಿ ಕತ್ತರಿಸಿದ ಭಾಗ. ಕಸಕ್ಕೆ ಹಾಕೋಕೆ ಮನಸ್ಸು ಬರ್ಲಿಲ್ಲ. ಮಗು ಅಲ್ವಾ."

ಹೂಗುಚ್ಛ ಹಿಡಿದ ಹುಡುಗಿ. ಬಾಯಿ ಬಿಗಿ ಹಿಡಿದಿದ್ದಾಳೆ. ಭುಜದ ಮೇಲೆ ಎಲ್ಲಿಂದಲೋ ಬಂದ ಒಂದು ಕೈ, ಅದರ ಹಿಂದೆ ಯಾರೂ ಇಲ್ಲ. ಇಷ್ಟು ಚಿಕ್ಕವಳಿದ್ದಳೆಂದು ನನಗೆ ಗೊತ್ತೇ ಇರಲಿಲ್ಲ. ನೆನಪಿನಲ್ಲಿ ಅವಳು ಯಾವಾಗಲೂ ನನ್ನಷ್ಟೇ ದೊಡ್ಡವಳು, ಸುಮ್ಮನಿರಲು ಬರಬೇಕಾದಷ್ಟು ದೊಡ್ಡವಳು.

"ಟೋಷೋ, ಇವಳದ್ದೊಂದು ಹಾಳೆ ಮಾಡಿಕೊಡ್ತೀಯಾ?"

"ಇವಳದ್ದಾ? ಇವಳು ನೀನೇ ಅಲ್ವಾ?"

"ಹೌದು. ಬದುಕಿದಾಳೆ ಅಂತ ಹಾಳೆ."

ತಲೆ ಕೆರೆದುಕೊಂಡ. "ಅದಕ್ಕೆ ನಮೂನೆ ಇಲ್ಲ. ಚೌಕಟ್ಟಿನ ಬಣ್ಣ ಏನು ಹಾಕ್ಲಿ? ವಯಸ್ಸಾದೋರಿಗೆ ಕಪ್ಪು, ಚಿಕ್ಕ ವಯಸ್ಸಲ್ಲಿ ಹೋದೋರಿಗೆ ನೀಲಿ. ಬದುಕಿರೋರಿಗೆ ಬಣ್ಣನೇ ಇಟ್ಟಿಲ್ಲ ನಾವು."

"ಹಾಗಾದ್ರೆ ಚೌಕಟ್ಟು ಬೇಡ."

"ಕೈ ಅಳಿಸ್ಲಾ? ಈಗ ಹೊಸ ಯಂತ್ರ ಬಂದಿದೆ, ಗೊತ್ತೇ ಆಗಲ್ಲ."

ಯೋಚಿಸಿದೆ. "ಇರಲಿ," ಅಂದೆ. "ಇತ್ತಲ್ಲ."

ನವೆಂಬರ್ 14, ಗುರುವಾರ

ಎರಡು ದಿನ ಬರೆದೆ, ಹರಿದೆ. ಕೊನೆಗೆ ವಾಷಿಂಗ್ ಮೆಷಿನ್ ಥರವೇ ಬಂತು. ನಿನ್ನೆ ಸಂಜೆ ಮೇಜಿನ ಮೇಲೆ ಈ ಪುಸ್ತಕದ ಜೊತೆ ಬಿಟ್ಟು ಮಲಗಿದ್ದೆ.

"ಕ್ರಸಿಮಿರಾ, ಮೂರನೇ ಮಹಡಿ. ಗೋಡೆಯಾಚೆ ಕೇಳಿಸಿಕೊಂಡವರಿಗೂ ಕೇಳಿಸಲೇ ಇಲ್ಲವೆಂದವರಿಗೂ ತಿಳಿಸುವುದೇನೆಂದರೆ, ಈ ಹುಡುಗಿಯನ್ನು ಈ ಮನೆಯಲ್ಲಿ ಹೊಡೆಯುತ್ತಿದ್ದರು. ಬದುಕಿದ್ದಾಳೆ. ಇಂತಿ ಅವಳ ಪರವಾಗಿ ಅವಳೇ."

ಬೆಳಿಗ್ಗೆ ನೋಡಿದರೆ 'ಪರವಾಗಿ' ಎಂಬುದರ ಮುಂದೆ ಒಂದು ಕೆಂಪು ಅಲ್ಪವಿರಾಮ, ಎಡಗೈಯದು, ಎರೆಹುಳುವಿನ ಹಾಗೆ ಸೊಟ್ಟಗೆ. ಬೇರೆ ಏನನ್ನೂ ಮುಟ್ಟಿರಲಿಲ್ಲ. ಅಂಕ ಕೊಟ್ಟಿರಲಿಲ್ಲ. 'ಹೊಡೆಯುತ್ತಿದ್ದರು' ಎಂಬುದರ ಕೆಳಗೆ ಪೆನ್ಸಿಲು ಊರಿ ಎತ್ತಿದ ಒಂದು ಚುಕ್ಕೆ ಮಾತ್ರ ಇತ್ತು.

ಅಮ್ಮ ಕಾಫಿಗೆ ಕಾಯುತ್ತ ಕೂತಿದ್ದಳು. ಚಮಚದ ಸದ್ದಾಗುವ ಹಾಗೆ ಕಲಸಿ ಕೊಟ್ಟೆ.

"ಅಂಟಿಸ್ತೀಯಾ?"

"ಅಂಟಿಸ್ತೀನಿ. ಬಾಗಿಲಿಗೆ, ನಿನ್ನ ಹಾಳೆ ಪಕ್ಕದಲ್ಲಿ."

"ಒಮ್ಮೆ ಅಂಟಿಸಿದ ಮೇಲೆ ಯಾರೂ ಕೀಳೋ ಹಾಗಿಲ್ಲ."

"ಗೊತ್ತು ಅಮ್ಮ. ನೀನೂ ಕೀಳೋ ಹಾಗಿಲ್ಲ."

ಅವಳು ಪ್ಲಾಸ್ಟರಿನ ಕೈಯನ್ನು ಮೇಜಿನ ಮೇಲೆ ಇಟ್ಟುಕೊಂಡಳು. "ವಾಸ್ಕೊ ಕೈಲಿ ಕೊಡಬೇಡ," ಅಂದಳು. "ಸೊಟ್ಟ ಅಂಟಿಸ್ತಾನೆ."

ಅಲ್ಪವಿರಾಮ ಸರಿಯಾಗಿಯೇ ಇತ್ತು. ಇಟ್ಟುಕೊಂಡೆ. ಮುಂದಿನ ವಾರ ಆಸ್ಪತ್ರೆಯಲ್ಲಿ ಅಮ್ಮನ ಕೈಯ ಪ್ಲಾಸ್ಟರ್ ಬಿಚ್ಚುತ್ತಾರೆ. ಅದಕ್ಕೆ ಮುಂಚೆಯೇ ಅಂಟಿಸಿ ಊರು ಬಿಡಬಹುದೆಂದು ಮೊದಲು ಲೆಕ್ಕ ಹಾಕಿದ್ದೆ. ಈಗ ಬೇಡ ಅನ್ನಿಸುತ್ತಿದೆ. ಕೈ ಬಿಚ್ಚಿಸಿಕೊಂಡು ಇಬ್ಬರೂ ಮನೆಗೆ ಬಂದ ಮೇಲೆ, ಅವಳ ಎದುರಿಗೇ, ನಾನೇ ಅಂಟಿಸುತ್ತೇನೆ.

ಅಂಟಿಸುವ ದಿನ ನವೆಂಬರ್ 21, ಗುರುವಾರ.